ಮಂಗಳೂರಿನಲ್ಲಿ ಬೀಚ್ ಬಿಟ್ಟು ಇನ್ನೇನಿದೆ?

ಮಂಗಳೂರು ಸುತ್ತುವುದರ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಪತ್ರ ಬಂದಿವೆ. ನಮ್ಮ ಕಡೆಯವರಿಗೆ ಮಂಗಳೂರು ಅಂದ್ರೆ ಒಂದೋ ಆಸ್ಪತ್ರೆ, ಇಲ್ಲಾ ಮಕ್ಕಳ ಕಾಲೇಜು, ಇಲ್ಲಾ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿಕೊಂಡು ಒಂದು ಗಂಟೆ ಸಮುದ್ರ. ನನ್ನ ತಂಗಿಯನ್ನು ಆ ಊರಿಗೆ ಕೊಟ್ಟು 20 ವರ್ಷ ದಾಟಿತು. ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ, ಹೋದಾಗೆಲ್ಲ ನಡೆಯುತ್ತೇನೆ. ಆ ನಡಿಗೆಯಿಂದ ಗೊತ್ತಾಗಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಕ್ಕಾ, ಮಗ ಈ ವರ್ಷ ಮಂಗಳೂರಿನಲ್ಲಿ ಕಾಲೇಜು ಸೇರಿದ್ದಾನೆ. ಡಿಸೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಮೂರು ದಿನ ಹೋಗೋಣ ಅಂತಿದ್ದೇವೆ. ಯಾರನ್ನು ಕೇಳಿದರೂ ಪಣಂಬೂರು ಬೀಚ್, ಆಮೇಲೆ ಮಾಲ್ ಅಂತಾರೆ. ಅಷ್ಟೇನಾ ಆ ಊರು?
– ಗೃಹಿಣಿ, ಹಾಸನ

ಅಷ್ಟೇ ಅಲ್ಲಮ್ಮಾ. ಬೀಚ್‌ಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಸಮುದ್ರ ಮಲ್ಪೆಯಲ್ಲೂ ಇದೆ, ಕಾರವಾರದಲ್ಲೂ ಇದೆ. ಮಂಗಳೂರಲ್ಲಿ ಮಾತ್ರ ಸಿಗುವುದು ಅದರ ಕೇರಿಗಳು. ಒಂದು ಕೇರಿಯಿಂದ ಇನ್ನೊಂದಕ್ಕೆ ಹತ್ತು ನಿಮಿಷ ನಡೆದರೆ ಸಾಕು, ಮಾತು ಬೇರೆ, ಅಡುಗೆ ವಾಸನೆ ಬೇರೆ, ಮನೆ ಕಟ್ಟಿದ ರೀತಿಯೇ ಬೇರೆ.

ಮೊದಲು ಜಾಗಗಳ ಹೆಸರು ಗಮನಿಸಿ. ಬಾವುಟಗುಡ್ಡೆ, ಮಣ್ಣಗುಡ್ಡೆ ಅಂತ ಇದ್ದರೆ ಅಲ್ಲಿ ಏರು ಇರುತ್ತದೆ. ಕೊಡಿಯಾಲಬೈಲು ಅಂದ್ರೆ ಹಿಂದೆ ಗದ್ದೆ ಇದ್ದ ತಗ್ಗು. ಪದವು ಅಂದ್ರೆ ಗುಡ್ಡದ ಮೇಲಿನ ಬಯಲು. ಹಂಪನಕಟ್ಟೆ, ಮಲ್ಲಿಕಟ್ಟೆಗಳಲ್ಲಿ ಕಟ್ಟೆ ಹೆಸರಲ್ಲೇ ಉಳಿದಿದೆ. ನದಿ ಹತ್ತಿರ ಹೋದರೆ ಹೊಯ್ಗೆಬಜಾರ್, ಹೊಯ್ಗೆ ಅಂದ್ರೆ ಮರಳು. ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿಯ ಮೇಲಿರುವುದು ಬೆಂಗ್ರೆ. ನಮ್ಮ ಹಾಸನ ಸುಮಾರಾಗಿ ಸಮತಟ್ಟು, ಊರಿನ ಹೆಸರಿಂದ ನೆಲ ಗೊತ್ತಾಗುವುದು ಕಡಿಮೆ. ಅಲ್ಲಿ ಬಸ್ಸಿನ ಬೋರ್ಡ್ ಓದಿದರೇ ಏರು ಎಲ್ಲಿ, ಇಳಿತ ಎಲ್ಲಿ ಅಂತ ತಿಳಿಯುತ್ತದೆ.

ಊರಿಗೇ ನಾಲ್ಕು ಹೆಸರು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಮಾತಿನಲ್ಲಿ ಮೈಕಾಲ. 2011ರ ಗಣತಿಯಲ್ಲಿ ಸುಮಾರು 5 ಲಕ್ಷ ಜನ ಇದ್ದ ಪಟ್ಟಣ ಅದು. ಅಷ್ಟೇ ಊರಲ್ಲಿ ಇಷ್ಟು ಭಾಷೆ ಒಟ್ಟಿಗೆ ಬದುಕುತ್ತಿವೆ. ಇದನ್ನು ಕಿವಿಯಿಂದಲೇ ನೋಡಬೇಕು, ಕಾರಿನ ಗಾಜು ಏರಿಸಿಕೊಂಡು ಹೋದರೆ ಸಿಗುವುದಿಲ್ಲ.

ನನ್ನ ಸಲಹೆ ಇಷ್ಟು. ಮೊದಲನೇ ದಿನ ಬೆಳಿಗ್ಗೆ ಆಟೋದಲ್ಲಿ ಬಾವುಟಗುಡ್ಡೆಗೆ ಹೋಗಿ, ಅಲ್ಲಿಂದ ಕೆಳಕ್ಕೆ ನಡೆಯಿರಿ. ಇಳಿಜಾರು ಆದ್ದರಿಂದ ಸುಸ್ತಾಗುವುದಿಲ್ಲ. 1837ರಲ್ಲಿ ಸುಳ್ಯದ ಕಡೆಯ ರೈತರು ಬ್ರಿಟಿಷರ ವಿರುದ್ಧ ದಂಡೆತ್ತಿ ಬಂದು, ಮಂಗಳೂರನ್ನು ಹಿಡಿದು, ಇದೇ ಗುಡ್ಡೆಯ ಮೇಲೆ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಮುಂದಾಳಾಗಿದ್ದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. ಅದೇ ಗುಡ್ಡೆಯಲ್ಲಿ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ. ಅದನ್ನು ಬಿಡಬೇಡಿ, ಅದರ ಬಗ್ಗೆ ಕೆಳಗೆ ಇನ್ನೊಬ್ಬರಿಗೆ ಬರೆದಿದ್ದೇನೆ. ಅಲ್ಲಿಂದ ಹಂಪನಕಟ್ಟೆಗೆ ಇಳಿದು, ಮಾರ್ಕೆಟ್ ದಾಟಿ ರಥಬೀದಿಗೆ ಹೋಗಿ. ಊರವರು ಕಾರ್‌ಸ್ಟ್ರೀಟ್ ಅಂತಲೂ ಹೇಳುತ್ತಾರೆ. ವೆಂಕಟರಮಣ ದೇವಸ್ಥಾನದ ಸುತ್ತಲಿನ ಕೊಂಕಣಿಗರ ಬೀದಿ ಇದು, ರಥಸಪ್ತಮಿಗೆ ಇಲ್ಲಿ ನಡೆಯುವುದೇ ಕೊಡಿಯಾಲ್ ತೇರು. ಹೂವು, ಹಪ್ಪಳ, ಪೂಜೆ ಸಾಮಾನು, ಚಿನ್ನ ಎಲ್ಲ ಒಂದೇ ಕಡೆ. ಅಲ್ಲಿ ಸುಮ್ನೆ ಒಂದು ಗಂಟೆ ನಿಲ್ಲಿ. ಆಮೇಲೆ ಇನ್ನೂ ಕೆಳಗೆ ಇಳಿದರೆ ಬಂದರು.

ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಾಲ್ಕು ವರ್ಷ ಆ ಊರಲ್ಲಿ ಇರುವ ಹುಡುಗ ಹಾಸ್ಟೆಲ್, ಕ್ಯಾಂಟೀನ್ ಬಿಟ್ಟು ಬೇರೇನೂ ನೋಡದೆ ವಾಪಸ್ ಬಂದರೆ ನನಗೆ ತುಂಬಾ ಬೇಜಾರಾಗುತ್ತದೆ. ಅಂಥ ಮಕ್ಕಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಹಾಸನದಿಂದ ಬಸ್ಸಾ, ರೈಲಾ? ರೈಲಾದರೆ ಎಲ್ಲಿ ಇಳಿಯಬೇಕು?
– ನಿವೃತ್ತ ನೌಕರರು, ಹೊಳೆನರಸೀಪುರ

ಹಗಲು ರೈಲು ಸಿಕ್ಕರೆ ಕಣ್ಣು ಮುಚ್ಚಿಕೊಂಡು ರೈಲು ಹತ್ತಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟದ ದಾರಿ, 57 ಸುರಂಗ, 109 ಸೇತುವೆ. ಹಗಲಿನ ಗಾಡಿ ಎಲ್ಲಾ ದಿನ ಇರುವುದಿಲ್ಲ, ವಾರ ನೋಡಿಕೊಂಡು ಟಿಕೆಟ್ ಮಾಡಿಸಿ.

ಇಳಿಯುವುದರಲ್ಲಿ ಹುಷಾರು. ಮಂಗಳೂರಲ್ಲಿ ಎರಡು ಸ್ಟೇಷನ್ ಇದೆ. ಸೆಂಟ್ರಲ್ ಇರುವುದು ಪೇಟೆ ಒಳಗೆ, ಹಂಪನಕಟ್ಟೆಯ ಹತ್ತಿರ. ಜಂಕ್ಷನ್ ಇರುವುದು ಪಡೀಲ್ ಕಡೆ, ಊರ ಹೊರಗೆ. ನಮ್ಮ ದಾರಿಯ ಹಗಲು ರೈಲು ಬಂದು ನಿಲ್ಲುವುದು ಜಂಕ್ಷನ್‌ಗೆ. ನನ್ನ ಭಾವ ಒಂದು ಸಲ ವಾಪಸ್ ಬರುವಾಗ ಆಟೋದವರಿಗೆ ಬರೀ ‘ರೈಲ್ವೆ ಸ್ಟೇಷನ್’ ಅಂದರು. ಅವರು ಸೆಂಟ್ರಲ್‌ಗೆ ಬಿಟ್ಟರು, ರೈಲು ತಪ್ಪಿತು. ಸ್ಟೇಷನ್ ಹೆಸರು ಪೂರ್ತಿ ಹೇಳಿ.

ಬಸ್ಸಾದರೆ ಶಿರಾಡಿ ಮೇಲೆ ಸುಮಾರು 170 ಕಿ.ಮೀ. ಕೆಎಸ್‌ಆರ್‌ಟಿಸಿ ಬಸ್ಸು ಬಿಜೈ ನಿಲ್ದಾಣಕ್ಕೆ ಹೋಗುತ್ತದೆ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ದಾರಿಯೇ ಹತ್ತಿರ.

ನಮ್ಮದು ಹಳೇ ಮನೆ. ಮಾಡಿನ ಹೆಂಚು ತೆಗೆಸಿದಾಗ ಹಿಂದೆ ‘ಬಾಸೆಲ್ ಮಿಷನ್, ಮಂಗಳೂರು’ ಅಂತ ಇಂಗ್ಲಿಷಿನಲ್ಲಿ ಅಚ್ಚು ಒತ್ತಿದ್ದು ಕಂಡಿತು. ಆ ಕಾರ್ಖಾನೆ ಇನ್ನೂ ಇದೆಯಾ? ಇದ್ದ ಜಾಗವನ್ನಾದರೂ ನೋಡಬೇಕು ಅಂತ ಆಸೆ.
– ಕೃಷಿಕರು, ಸಕಲೇಶಪುರ

ಈ ಪತ್ರ ಓದಿ ನನಗೆ ಎಷ್ಟು ಖುಷಿಯಾಯಿತು ಅಂದ್ರೆ, ಎದ್ದು ಹೋಗಿ ನಮ್ಮ ಕೊಟ್ಟಿಗೆಯ ಹೆಂಚನ್ನೂ ತಿರುಗಿಸಿ ನೋಡಿದೆ.

ನೀವು ಹೋಗಬೇಕಾದ ಕೇರಿ ಜೆಪ್ಪು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಅದನ್ನು ಶುರು ಮಾಡಿದವರು ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಮಿಷನರಿ. ಆ ಜಾಗವನ್ನೇ ಯಾಕೆ ಆರಿಸಿದರು ಅಂತ ಅಲ್ಲಿ ನಿಂತರೆ ತಿಳಿಯುತ್ತದೆ. ನೇತ್ರಾವತಿ ಪಕ್ಕದಲ್ಲೇ ಇದೆ. ದಡದ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ನೀರಿನ ಮೇಲೆಯೇ ಬಂದರಿಗೆ ಹೋಗುತ್ತಿತ್ತು. ಒಂದಕ್ಕೊಂದು ಕಚ್ಚಿ ಕೂರುವ ಹೆಂಚು ಅದು. ನಮ್ಮ ನಾಡಹೆಂಚನ್ನು ವರ್ಷವರ್ಷ ಕೈಯಾಡಿಸಬೇಕಿತ್ತು, ಮಂಗ ಬಂದರೆ ಮುಗಿದೇ ಹೋಯಿತು. ಈ ಹೆಂಚು ಹೊದಿಸಿದ ಮೇಲೆ ಮಲೆನಾಡಿನ ಮಳೆಗೆ ಮನೆ ಗಟ್ಟಿಯಾಗಿ ನಿಂತಿತು. ಇನ್ನೊಂದು ಮಾತು. ನೇತ್ರಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಡೆ. ಉಪ್ಪಿನಂಗಡಿಯಲ್ಲಿ ಅದಕ್ಕೆ ಕುಮಾರಧಾರೆ ಸೇರುತ್ತದೆ. ಅಂದ್ರೆ ಘಟ್ಟದಿಂದ ಇಳಿದ ಮಣ್ಣೇ ಜೆಪ್ಪುವಿನಲ್ಲಿ ಹೆಂಚಾಗಿ ಮತ್ತೆ ಘಟ್ಟ ಹತ್ತಿ ನಿಮ್ಮ ಮಾಡಿನ ಮೇಲೆ ಕೂತಿದೆ.

ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಕಾಂಕ್ರೀಟ್ ಬಂದ ಮೇಲೆ ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಗಾಗಿ ಕಾರ್ಖಾನೆ ಒಳಗೆ ನೋಡುತ್ತೇನೆ ಅನ್ನುವ ಆಸೆ ಇಟ್ಟುಕೊಂಡು ಹೋಗಬೇಡಿ. ಮಂಗಳಾದೇವಿ ದೇವಸ್ಥಾನದಿಂದ ಶುರು ಮಾಡಿ, ಊರಿಗೆ ಹೆಸರು ಬಂದದ್ದೇ ಈ ತಾಯಿಯಿಂದ. ಅಲ್ಲಿಂದ ಬೋಳಾರ, ಹೊಯ್ಗೆಬಜಾರ್ ಕಡೆ ನದಿ ದಿಕ್ಕಿಗೆ ನಡೆಯಿರಿ. ಹಳೇ ಶೆಡ್ಡು, ಇಟ್ಟಿಗೆ ಚಿಮಣಿ, ಮುರಕಲ್ಲಿನ ಪಾಗಾರ ಅಲ್ಲಲ್ಲಿ ಕಾಣುತ್ತವೆ. ವಯಸ್ಸಾದವರು ಯಾರಾದರೂ ಜಗಲಿಯಲ್ಲಿ ಕೂತಿದ್ದರೆ ಮಾತಾಡಿಸಿ. ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಮನೆತನಗಳು ಆ ಕಡೆ ತುಂಬಾ ಇವೆ. ನಿಮ್ಮ ಹೆಂಚಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ಮಾತು ತಾನಾಗೇ ಶುರುವಾಗುತ್ತದೆ.

ಹೊತ್ತಿದ್ದರೆ ಬಲ್ಮಠಕ್ಕೂ ಹೋಗಿ. ಇದೇ ಮಿಷನ್ನಿನವರ ಛಾಪಖಾನೆ ಇದ್ದದ್ದು ಅಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂದದ್ದೂ ಮಂಗಳೂರಿನಿಂದಲೇ. ಈ ಪುಟ ಓದುತ್ತಿರುವ ನಾವೆಲ್ಲ ಒಂದು ರೀತಿಯಲ್ಲಿ ಆ ಗುಡ್ಡೆಗೆ ಋಣಿಗಳು.

ನಮ್ಮ ತಾತನ ಕಾಲದಲ್ಲಿ ಕಾಫಿ ಮೂಟೆ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತಂತೆ. ಆ ಬಂದರು ಈಗ ಹೇಗಿದೆ? ಹೊರಗಿನವರು ಸುತ್ತಾಡಬಹುದಾ?
– ಕಾಫಿ ಬೆಳೆಗಾರರು, ಮೂಡಿಗೆರೆ

ಧಾರಾಳವಾಗಿ. ಬಂದರು ಅಂತ ಅಲ್ಲಿನವರು ಹೇಳುವುದು ಹಳೇ ಬಂದರಿನ ಸುತ್ತಲಿನ ಇಡೀ ವ್ಯಾಪಾರದ ಕೇರಿಗೆ. ದೊಡ್ಡ ಹಡಗುಗಳಿಗೆ ಪಣಂಬೂರಿನಲ್ಲಿ ಹೊಸ ಬಂದರು ಆಗಿ, 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿ ಸೇರಿತು. ನಿಮ್ಮ ಜಿಲ್ಲೆಯ ಕುದುರೆಮುಖದ ಅದಿರು 67 ಕಿ.ಮೀ. ಕೊಳವೆಯಲ್ಲಿ ನೀರಿನ ಜೊತೆ ಕೆಸರಿನ ಹಾಗೆ ಹರಿದು ಹೋಗುತ್ತಿದ್ದದ್ದು ಅಲ್ಲಿಗೇ. 2005ರ ಕೊನೆಗೆ ಗಣಿ ನಿಂತಿತು. ಈಗ ಹಳೇ ಬಂದರಿನಲ್ಲಿ ಇರುವುದು ಮೀನಿನ ಬೋಟುಗಳು, ಮಂಜಿಗಳು (ಸರಕು ಸಾಗಿಸುವ ಮರದ ಹಡಗು), ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ಹೊರುವ ಸಣ್ಣ ಹಡಗುಗಳು.

ಬೆಳಿಗ್ಗೆ ಆರಕ್ಕೇ ದಕ್ಕೆಗೆ ಹೋಗಿ. ದಕ್ಕೆ ಅಂದ್ರೆ ಬೋಟು ಬಂದು ನಿಲ್ಲುವ ಕಟ್ಟೆ. ಬುಟ್ಟಿಬುಟ್ಟಿ ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಇಳಿಯುತ್ತಿರುತ್ತದೆ. ಏಲಂ ಕೂಗುವುದು ತುಳುವಿನಲ್ಲಿ, ನಡುವೆ ಬ್ಯಾರಿ, ಮಲಯಾಳ. ಮೀನು ಕೊಂಡು ಊರೊಳಗೆ ಮಾರಲು ಹೋಗುವ ಹೆಂಗಸರ ಕೈ ಎಷ್ಟು ಚುರುಕು ಅಂದ್ರೆ ನಾವು ಎಣಿಸುವಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ. ಅದು ಅವರ ದುಡಿಮೆಯ ಹೊತ್ತು. ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಫೋಟೊ ತೆಗೆಯಬೇಡಿ, ಚಪ್ಪಲಿ ಜಾರದಂಥದ್ದು ಹಾಕಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಹೋದರೆ ಲಂಗರು ಹಾಕಿದ ಬೋಟು ಮಾತ್ರ ಕಾಣುತ್ತದೆ.

ದಕ್ಕೆಯಿಂದ ಹಿಂದಕ್ಕೆ ಬಂದರೆ ಗೋದಾಮುಗಳ ಓಣಿ. ಅಡಿಕೆ, ಕಾಳುಮೆಣಸು, ಕೊಬ್ಬರಿ, ಒಣಮೀನು. ಒಂದೊಂದು ತಿರುವಿಗೂ ಒಂದೊಂದು ವಾಸನೆ. ನಿಮಗೆ ಮೆಣಸಿನ ರೇಟು ಗೊತ್ತಿರುವುದರಿಂದ ನನಗಿಂತ ಜಾಸ್ತಿ ಮಾತು ನಿಮಗೇ ಸಿಗುತ್ತದೆ. ಇಲ್ಲೇ ಝೀನತ್ ಬಕ್ಷ್ ಮಸೀದಿ ಇದೆ, ಕರ್ನಾಟಕದ ಅತಿ ಹಳೆಯ ಮಸೀದಿಗಳಲ್ಲಿ ಒಂದು. ಒಳಗಿನ ಮರದ ಕೆತ್ತನೆ ನೋಡಬೇಕಾದ್ದು. ಬಾಗಿಲಲ್ಲಿ ಇರುವವರನ್ನು ಕೇಳಿಕೊಂಡು ಹೋಗಿ. ಪಾಂಡೇಶ್ವರದ ಕಡೆ ಸ್ವಲ್ಪ ನಡೆದರೆ ರೊಸಾರಿಯೊ ಚರ್ಚು. ಅಲ್ಲಿ ಮೊದಲ ಚರ್ಚು ಕಟ್ಟಿದ್ದು 1568ರಲ್ಲಿ.

ಕೊನೆಗೆ ಒಂದು ಕೆಲಸ ತಪ್ಪದೆ ಮಾಡಿ. ಬಂದರಿನಿಂದ ಬೆಂಗ್ರೆಗೆ ಜನ ದಾಟಿಸುವ ದೋಣಿ ಇದೆ. ಟಿಕೆಟ್ ಬಹಳ ಕಡಿಮೆ. ಶಾಲೆ ಮಕ್ಕಳು, ಸಂತೆ ಚೀಲದ ಅಮ್ಮಂದಿರು ಎಲ್ಲ ಅದರಲ್ಲೇ ಓಡಾಡುವುದು. ಆಚೆ ದಡದಲ್ಲಿ ಹತ್ತು ನಿಮಿಷ ನಡೆದರೆ ಸಮುದ್ರ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಸಮುದ್ರಕ್ಕೆ ಬೀಳುವ ಅಳಿವೆಬಾಗಿಲು ಆ ಪಟ್ಟಿಯ ತುದಿಯಲ್ಲಿದೆ. ನಾನು ಮೊದಲ ಸಲ ಅಲ್ಲಿ ನಿಂತಾಗ, ನಮ್ಮ ಘಟ್ಟದಲ್ಲಿ ಬಿದ್ದ ಮಳೆ ಇಲ್ಲಿಗೆ ಬಂದು ಮುಗಿಯುತ್ತದಲ್ಲಾ ಅಂತ ಬಹಳ ಹೊತ್ತು ಹೊರಡಲು ಮನಸ್ಸಾಗಲಿಲ್ಲ.

ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಡಾಕ್ಟರ್ ಹತ್ತಿರ ತೋರಿಸಲು ಹೋದಾಗ ಒಂದು ದಿನ ಮಿಗುತ್ತದೆ. ಎಲ್ಲಿಗೆ ಕರೆದುಕೊಂಡು ಹೋಗಲಿ?
– ಉಪನ್ಯಾಸಕಿ, ಬೇಲೂರು

ಬೆಳಿಗ್ಗೆ ಕದ್ರಿ. ಆಟೋ ಮಂಜುನಾಥ ದೇವಸ್ಥಾನದ ಬಾಗಿಲವರೆಗೂ ಹೋಗುತ್ತದೆ. ಗುಡ್ಡದ ಮೇಲಿನ ಜೋಗಿ ಮಠಕ್ಕೆ ಮೆಟ್ಟಿಲಿದೆ, ಅಮ್ಮನಿಗೆ ಅದು ಬೇಡ. ದೇವಸ್ಥಾನದ ಒಳಗಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಅಮ್ಮನನ್ನು ಸಮಾಧಾನವಾಗಿ ನಿಲ್ಲಿಸಿ ತೋರಿಸಿ. ಅದರ ಶಾಸನ ಕ್ರಿ.ಶ. 968ರದ್ದು, ಆಳುಪರ ದೊರೆ ಕುಂದವರ್ಮನ ಕಾಲ. ನಿಮ್ಮೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು ಅಲ್ವಾ? ಅದಕ್ಕಿಂತ ಸುಮಾರು 150 ವರ್ಷ ಹಿಂದಿನ ಕೆಲಸ. ಕಲ್ಲಿನಲ್ಲಿ ನಮ್ಮವರು ಮಾಡಿದ್ದನ್ನು ದಿನಾ ನೋಡುವ ನಿಮಗೆ ಈ ಕಂಚಿನ ನುಣುಪು ಬೇರೆಯೇ ಅನ್ನಿಸುತ್ತದೆ.

ಆಮೇಲೆ ಅಲೋಶಿಯಸ್ ಪ್ರಾರ್ಥನಾಲಯ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಅನ್ನುವ ಕ್ರೈಸ್ತ ಸನ್ಯಾಸಿ 1900ರ ಆಸುಪಾಸಿನಲ್ಲಿ ಗೋಡೆ, ಮಾಡು ಎಲ್ಲವನ್ನೂ ಚಿತ್ರದಿಂದ ತುಂಬಿದ್ದಾರೆ. ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಸಾಕು, ನಡೆಯುವ ಕೆಲಸವೇ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕುದ್ರೋಳಿ ಗೋಕರ್ಣನಾಥ. ಕೆಳಜಾತಿ ಅಂತ ದೇವಸ್ಥಾನದ ಹೊರಗೆ ನಿಲ್ಲಿಸಲ್ಪಟ್ಟ ಬಿಲ್ಲವರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಜಾಗ ಅದು. ಮಂಗಳೂರು ದಸರಾ ನಡೆಯುವುದೂ ಅಲ್ಲೇ. ಒಂದು ದಿನಕ್ಕೆ ಇಷ್ಟು ಸಾಕು, ಸೆಖೆಯಲ್ಲಿ ಅಮ್ಮನನ್ನು ಇನ್ನೂ ಓಡಾಡಿಸಬೇಡಿ.

ನಾನು ಒಬ್ಬಳೇ ಇಂಟರ್‌ವ್ಯೂಗೆ ಹೋಗುತ್ತಿದ್ದೇನೆ, ಎರಡು ದಿನ ಇರುತ್ತೇನೆ. ತುಳು ಬರುವುದಿಲ್ಲ. ಓಡಾಡುವುದು ಹೇಗೆ?
– ವಿದ್ಯಾರ್ಥಿನಿ, ಅರಸೀಕೆರೆ

ಭಯ ಬೇಡ ಮಗಳೇ. ಅದು ಓದುವ ಹೆಣ್ಣುಮಕ್ಕಳು ತುಂಬಿರುವ ಊರು. ಕನ್ನಡ ಎಲ್ಲರಿಗೂ ಬರುತ್ತದೆ, ಸ್ವಲ್ಪ ಬೇರೆ ಥರ ಕೇಳುತ್ತದೆ ಅಷ್ಟೇ. ‘ಎಂತ ಬೇಕು?’ ಅಂದ್ರೆ ಏನು ಬೇಕು. ‘ಉಂಟು’ ಅಂದ್ರೆ ಇದೆ. ‘ಒಣಸ್ ಆಂಡಾ?’ ಅಂತ ಯಾರಾದರೂ ಕೇಳಿದರೆ ಊಟ ಆಯಿತಾ ಅಂತ ತುಳುವಿನಲ್ಲಿ ವಿಚಾರಿಸುತ್ತಿದ್ದಾರೆ.

ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಅರಸೀಕೆರೆಯಿಂದ ಶಕ್ತಿ ಯೋಜನೆಯಲ್ಲಿ ಬಿಟ್ಟಿ ಬಂದರೂ ಊರೊಳಗೆ ಟಿಕೆಟ್‌ಗೆ ಚಿಲ್ಲರೆ ಬೇಕು. ಎಲ್ಲಾ ಬಸ್ಸು ಕೂಡುವ ಜಾಗದ ಹೆಸರು ಸ್ಟೇಟ್‌ಬ್ಯಾಂಕ್. ದಾರಿ ತಪ್ಪಿದರೆ ‘ಸ್ಟೇಟ್‌ಬ್ಯಾಂಕ್ ಹೋಗುತ್ತದಾ?’ ಅಂತ ಕೇಳಿ ಹತ್ತು. ಕಂಡಕ್ಟರ್ ವಿಸಿಲ್ ಹೊಡೆದ ಕೂಡಲೇ ಬಸ್ಸು ಹೊರಡುತ್ತದೆ, ಇಳಿಯುವ ಸ್ಟಾಪಿಗೆ ಮೊದಲೇ ಎದ್ದು ನಿಲ್ಲು. ಕೆಲಸ ಸಿಕ್ಕರೆ ನನಗೊಂದು ಪತ್ರ ಬರಿ.

ನಾವು ಮೀನು, ಮಾಂಸ ತಿನ್ನುವುದಿಲ್ಲ. ಹೊಟ್ಟೆಗೇನು?
– ವ್ಯಾಪಾರಿ, ಕಡೂರು

ಬನ್ಸ್, ಗೋಳಿಬಜೆ, ಬಿಸ್ಕುಟ್ ರೊಟ್ಟಿ, ನೀರುದೋಸೆ, ಮಳೆಗಾಲದಲ್ಲಿ ಪತ್ರೊಡೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಬೆಳಿಗ್ಗೆ ಸಜ್ಜಿಗೆ ಬಜಿಲ್ ತಿನ್ನಿ. ಸಜ್ಜಿಗೆ ಅಂದ್ರೆ ಅಲ್ಲಿ ಉಪ್ಪಿಟ್ಟು, ಬಜಿಲ್ ಅಂದ್ರೆ ಅವಲಕ್ಕಿ, ಎರಡನ್ನೂ ಕಲಸಿ ತಿನ್ನುವುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದು ಸಲ ನೋಡಿ, ಮೊದಲ ತುತ್ತಿಗೆ ದಪ್ಪ ಅನ್ನಿಸಿದರೂ ಸಾರು ಬಿದ್ದ ಮೇಲೆ ರುಚಿ ಹತ್ತುತ್ತದೆ. ರಾತ್ರಿ ಗಡ್‌ಬಡ್ ಐಸ್‌ಕ್ರೀಮ್.

ಮಕ್ಕಳು ಬೀಚ್ ಬೇಕೇ ಬೇಕು ಅಂತಾರೆ. ಜುಲೈ ರಜೆಯಲ್ಲಿ ಹೋಗಬಹುದಾ?
– ಶಿಕ್ಷಕರು, ಆಲೂರು

ಜುಲೈ ಬೇಡ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ, ಸಮುದ್ರಕ್ಕೆ ಕಾಲಿಡುವ ಹಾಗೂ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಅಂತ ಟಿಪ್ಪು ಕಾಲದ ಕಾವಲು ಗೋಪುರ ಇದೆ, ಕರಿಕಲ್ಲಿನದ್ದು. ಮಕ್ಕಳು ಅದನ್ನು ಹತ್ತಿ ಬಂದೂಕಿನ ಕಿಂಡಿಯಲ್ಲಿ ಇಣುಕಲಿ. ಅದರ ಪಕ್ಕದಿಂದಲೇ ಗುರುಪುರ ಹೊಳೆ ದಾಟಲು ದೋಣಿ ಸಿಗುತ್ತದೆ, ಆಚೆ ಇರುವುದು ತಣ್ಣೀರುಬಾವಿ ಬೀಚ್. ಗಾಳಿಮರದ ನೆರಳಿದೆ. ಹೊರಡುವ ಮುಂಚೆ ದೋಣಿ ಇದೆಯಾ ಅಂತ ಬೋಳೂರಿನಲ್ಲಿ ಕೇಳಿಕೊಳ್ಳಿ. ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ, ನಮ್ಮ ಕೆರೆ ಈಜು ಆ ಅಲೆಗೆ ಸಾಲದು.

ವಾಪಸ್ ಬರುವಾಗ ಏನು ತರಲಿ?
– ಓದುಗರು, ಚನ್ನರಾಯಪಟ್ಟಣ

ರಥಬೀದಿಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ಸಂಜೆ ಹೊರಡುವುದಾದರೆ ಒಂದು ಅಟ್ಟೆ (ಹೂ ಮಾರುವ ಅಳತೆ) ಶಂಕರಪುರ ಮಲ್ಲಿಗೆ, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಾರೆ. ಒಣಮೀನು ತರುವುದಾದರೆ ಮೂರು ಕವರಿನೊಳಗೆ ಸುತ್ತಿ, ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಬಸ್ಸಿನಲ್ಲಿ ಪಕ್ಕದವರೂ ಹಾಸನದವರೆಗೆ ಕೂರಬೇಕಲ್ಲ.